ಆರೈಕೆಗೂ ಪಾಳಿ ಬೇಕು

ಹೊನ್ನಾವರ ತಾಲ್ಲೂಕಿನ ಹಳದೀಪುರದ ಅರುಣಾ ಶಾನಭಾಗ ಎಂದ ಕೂಡಲೇ ಹೆಚ್ಚಿನವರಿಗೆ ನೆನಪಾಗುವುದು ದಯಾಮರಣದ ಮೊಕದ್ದಮೆ. ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಅವರ ಮೇಲೆ 1973ರ ನವೆಂಬರ್ 27ರಂದು ಅದೇ ಆಸ್ಪತ್ರೆಯ ಕೆಲಸಗಾರನೊಬ್ಬ ಎರಗಿದ. ಮಿದುಳಿಗೆ ಪೆಟ್ಟಾಗಿ ಹಾಸಿಗೆ ಹಿಡಿದ ಅವರು ಮತ್ತೆ ಏಳಲಿಲ್ಲ. ಅವರಿಗೆ ದಯಾಮರಣ ಕೋರಿ ಲೇಖಕಿ ಪಿಂಕಿ ವಿರಾನಿ ಸಲ್ಲಿಸಿದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2011ರ ಮಾರ್ಚ್ 7ರಂದು ಒಪ್ಪಲಿಲ್ಲ. ಆದರೆ ಅದೇ ತೀರ್ಪಿನಲ್ಲಿ ಮೊದಲ ಬಾರಿಗೆ ನಿಷ್ಕ್ರಿಯ ದಯಾಮರಣಕ್ಕೆ, ಎಂದರೆ ಜೀವ ಹಿಡಿದಿಟ್ಟ ಚಿಕಿತ್ಸೆಯನ್ನು ನಿಲ್ಲಿಸುವುದಕ್ಕೆ, ದಾರಿ ಮಾಡಿಕೊಟ್ಟಿತು. ಅರುಣಾ ತೀರಿಕೊಂಡದ್ದು 2015ರ ಮೇ 18ರಂದು.

ಈ ಪ್ರಕರಣದಲ್ಲಿ ಅಷ್ಟಾಗಿ ಚರ್ಚೆಗೆ ಬಾರದ ಒಂದು ಭಾಗವಿದೆ. ಸುಮಾರು 42 ವರ್ಷ ಅವರನ್ನು ನೋಡಿಕೊಂಡವರು ಅದೇ ಆಸ್ಪತ್ರೆಯ ನರ್ಸ್‌ಗಳು. ಹಲ್ಲೆ ನಡೆದಾಗ ಇನ್ನೂ ಹುಟ್ಟಿರದ ಹುಡುಗಿಯರು ನರ್ಸಿಂಗ್ ಓದಿ ಬಂದು ಅವರಿಗೆ ತುತ್ತು ತಿನ್ನಿಸಿದರು, ಮೈ ಒರೆಸಿದರು, ಮಗ್ಗುಲು ಬದಲಿಸಿದರು. ಅಷ್ಟು ವರ್ಷ ಮಲಗಿದ್ದ ದೇಹದಲ್ಲಿ ಒಂದು ಬೆಡ್‌ಸೋರ್ ಕೂಡ ಇಲ್ಲ ಎಂಬ ಸಂಗತಿ ನ್ಯಾಯಾಲಯದ ಮೆಚ್ಚುಗೆಗೂ ಪಾತ್ರವಾಯಿತು. ದಯಾಮರಣದ ಅರ್ಜಿಯನ್ನು ಗಟ್ಟಿಯಾಗಿ ವಿರೋಧಿಸಿದವರೂ ಇವರೇ. ಅದು ಪ್ರೀತಿ, ಅನುಮಾನವೇ ಇಲ್ಲ. ಆದರೆ ಆ ಪ್ರೀತಿಗೆ ಒಂದು ಡ್ಯೂಟಿ ಚಾರ್ಟ್ ಇತ್ತು. ಒಂದು ಪಾಳಿಯವರು ಮನೆಗೆ ಹೋಗಿ ನಿದ್ದೆ ಮಾಡುವಾಗ ಇನ್ನೊಂದು ಪಾಳಿಯವರು ಎಚ್ಚರವಿದ್ದರು. ವಾರದ ರಜೆ ಇತ್ತು, ತಿಂಗಳ ಸಂಬಳ ಇತ್ತು, ಕೈ ಸೋತರೆ ಪಕ್ಕದಲ್ಲಿ ಇನ್ನೊಬ್ಬರಿದ್ದರು.

ಒಬ್ಬ ರೋಗಿಯ ಮೈ ಹುಣ್ಣಾಗದಂತೆ ಕಾಯಲು ಒಂದು ದೊಡ್ಡ ಆಸ್ಪತ್ರೆಯ ನರ್ಸಿಂಗ್ ವ್ಯವಸ್ಥೆಯೇ ಬೇಕಾಯಿತು. ಅದೇ ಕೆಲಸವನ್ನು ಮನೆಯಲ್ಲಿ ಒಬ್ಬ ಸೊಸೆ ಮಾಡಬೇಕು, ಇಲ್ಲವೇ ಮದುವೆಯಾಗದೆ ಉಳಿದ ಮಗಳು, ಇಲ್ಲವೇ ತನಗೇ ಮಂಡಿನೋವಿರುವ ಎಪ್ಪತ್ತರ ಹೆಂಡತಿ. ಅಡುಗೆ, ಮಕ್ಕಳ ಸ್ಕೂಲು, ನಲ್ಲಿಯಲ್ಲಿ ನೀರು ಬರುವ ಹೊತ್ತು, ಇವೆಲ್ಲದರ ನಡುವೆ. ಮಾಡಿದರೆ 'ಎಂಥಾ ಸೊಸೆಯಪ್ಪಾ, ಪುಣ್ಯವಂತೆ' ಎಂಬ ಬಿರುದು ಸಿಗುತ್ತದೆ. ನಮ್ಮ ಸಮಾಜ ಆರೈಕೆ ಮಾಡುವವರನ್ನು ಹೊಗಳುವುದರಲ್ಲಿ ಭಾರಿ ಧಾರಾಳಿ. ಅವರ ಒಂದು ಪಾಳಿಯನ್ನು ತಾನು ವಹಿಸಿಕೊಳ್ಳುವ ಮಾತು ಬಂದರೆ ಮಾತ್ರ ಮಹಾ ಜುಗ್ಗ. ಹೊಗಳಿಕೆಯೇ ಇಲ್ಲಿ ಒಂದು ಬಗೆಯ ತಪ್ಪಿಸಿಕೊಳ್ಳುವಿಕೆ.

ಹಾಸಿಗೆ ಹಿಡಿದವರ ಆರೈಕೆ ಎಂದರೇನೆಂದು ಮಾಡಿದವರಿಗಷ್ಟೇ ಗೊತ್ತು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ರಾತ್ರಿಯೂ. ಮೂಗಿನ ಟ್ಯೂಬಿನಲ್ಲಿ ಗಂಜಿ ಬಿಡುವ ಮೊದಲು ಟ್ಯೂಬು ಜಾಗದಲ್ಲಿದೆಯೇ ನೋಡಬೇಕು, ತಲೆಯ ಕಡೆ ಎತ್ತರಿಸಬೇಕು. ಇಲ್ಲವಾದರೆ ಆಹಾರ ಶ್ವಾಸಕೋಶಕ್ಕೆ ಇಳಿದೀತು. ಯೂರಿನ್ ಬ್ಯಾಗ್ ಖಾಲಿ ಮಾಡಬೇಕು, ಡಯಾಪರ್ ಬದಲಿಸಬೇಕು, ಕರೆಂಟು ಹೋದರೆ ಏರ್ ಬೆಡ್ಡಿನ ಮೋಟಾರು ನಿಂತಿತೆಂದು ಗಾಬರಿಯಾಗಬೇಕು. ಮರೆವಿನ ಕಾಯಿಲೆಯದು ಇನ್ನೊಂದೇ ಬಗೆ. ಮೈ ಗಟ್ಟಿಯಿದೆ, ನೆನಪಿಲ್ಲ. ನಡುರಾತ್ರಿ ಚಿಲಕ ತೆಗೆದು 'ಮನೆಗೆ ಹೋಗ್ತೀನಿ' ಎಂದು ಸ್ವಂತ ಮನೆಯಿಂದಲೇ ಹೊರಟು ನಿಲ್ಲುತ್ತಾರೆ. ಅರವತ್ತು ದಾಟಿದ ಭಾರತೀಯರಲ್ಲಿ ಶೇ 7.4ರಷ್ಟು ಮಂದಿಗೆ, ಎಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆಯೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದು ಅಂದಾಜಿಸಿದೆ. ಇವರ ಪಕ್ಕದಲ್ಲಿ ನಿದ್ದೆಗೆಟ್ಟು ಕೂತವರ ಲೆಕ್ಕವನ್ನು ಯಾರೂ ಹಿಡಿದಿಲ್ಲ.

ಹಿಡಿದಿರುವ ಲೆಕ್ಕವೂ ಏನು ಹೇಳುತ್ತದೆಂದು ಊಹಿಸುವುದು ಕಷ್ಟವಲ್ಲ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ 15ರಿಂದ 59 ವರ್ಷದ ಹೆಂಗಸರಲ್ಲಿ ಶೇ 41 ಮಂದಿ ಮನೆಯವರ ಆರೈಕೆಯಲ್ಲಿ ತೊಡಗಿದ್ದರು; ಅದೇ ವಯಸ್ಸಿನ ಗಂಡಸರಲ್ಲಿ ಶೇ 21.4. ತೊಡಗಿದ ಹೆಂಗಸರು ದಿನಕ್ಕೆ ಸುಮಾರು 140 ನಿಮಿಷ, ಗಂಡಸರು 74 ನಿಮಿಷ ಕಳೆದರು. ಮಕ್ಕಳ ಪಾಲನೆಯೂ ಇದರೊಳಗೇ ಇದೆ. ಸರಾಸರಿಯ ನಿಮಿಷಗಳಲ್ಲಿ ಕಾಣದ್ದು ಏನೆಂದರೆ, ರೋಗಿಯ ಕೋಣೆಯ ಕಡೆಗೆ ಒಂದು ಕಿವಿ ಇಟ್ಟುಕೊಂಡೇ ಮಾಡುವ ಉಳಿದೆಲ್ಲ ಕೆಲಸ ಮತ್ತು ಅರೆ ನಿದ್ದೆ.

ಇದರ ಬೆಲೆ ಕೇವಲ ಆಯಾಸವಲ್ಲ. ಅಮೆರಿಕದ ರಿಚರ್ಡ್ ಶುಲ್ಜ್ ಮತ್ತು ಸ್ಕಾಟ್ ಬೀಚ್ 66ರಿಂದ 96 ವರ್ಷದ ದಂಪತಿಗಳನ್ನು ನಾಲ್ಕು ವರ್ಷ ಗಮನಿಸಿ 1999ರಲ್ಲಿ ಪ್ರಕಟಿಸಿದ ಅಧ್ಯಯನ ಇಂದಿಗೂ ಈ ಕ್ಷೇತ್ರದಲ್ಲಿ ಉಲ್ಲೇಖವಾಗುತ್ತದೆ. ಸಂಗಾತಿಯ ಆರೈಕೆ ಮಾಡುತ್ತ ಅದರ ಒತ್ತಡದಲ್ಲಿ ಬೇಯುತ್ತಿದ್ದವರು ಆ ಅವಧಿಯಲ್ಲಿ ಸಾಯುವ ಸಂಭವ, ಅಂಥ ಹೊಣೆ ಇಲ್ಲದವರಿಗಿಂತ ಶೇ 63ರಷ್ಟು ಹೆಚ್ಚಿತ್ತು. ಆರೈಕೆ ಮಾಡುತ್ತಿದ್ದರೂ ಒತ್ತಡವಿಲ್ಲ ಎಂದವರಲ್ಲಿ ಅಂಥ ಏರಿಕೆ ಗಮನಾರ್ಹವಾಗಿ ಕಾಣಲಿಲ್ಲ. ಎಂದರೆ ಕೊಲ್ಲುವುದು ಆರೈಕೆಯಲ್ಲ, ಬಿಡುವಿಲ್ಲದ ಆರೈಕೆ.

ಇಂಥವರಿಗೆ ಈಚೆಗೆ ಒಂದು ಹೊಸ ಉಪದೇಶ ಶುರುವಾಗಿದೆ: 'ಮೈಂಡ್‌ಫುಲ್ ಆಗಿರಿ, ದಿನಕ್ಕೆ ಹತ್ತು ನಿಮಿಷ ಉಸಿರನ್ನು ಗಮನಿಸಿ.' ಜಾನ್ ಕಬಟ್ ಜಿನ್ 1979ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ಬೌದ್ಧ ಧ್ಯಾನದ ಎಳೆ ಹಿಡಿದು ಎಂಟು ವಾರದ ತರಬೇತಿ ಆರಂಭಿಸಿದ್ದು, ಔಷಧಿಗೆ ಬಗ್ಗದ ದೀರ್ಘಕಾಲದ ನೋವಿನವರಿಗಾಗಿ. ಅದರಿಂದ ಅನೇಕರಿಗೆ ಉಪಕಾರವಾಗಿದೆ, ತಕರಾರಿಲ್ಲ. ಆದರೆ ರಾತ್ರಿ ನಾಲ್ಕು ಸಲ ಎದ್ದ ಹೆಂಗಸಿಗೆ ಬೆಳಿಗ್ಗೆ ಧ್ಯಾನದ ಆ್ಯಪ್ ಒಂದರ ಲಿಂಕ್ ಕಳಿಸುವುದು ಸಹಾಯ ಅಲ್ಲ. ಆ ಹತ್ತು ನಿಮಿಷ ರೋಗಿಯ ಹತ್ತಿರ ಯಾರು ಕೂರುತ್ತಾರೆ ಎಂಬ ಪ್ರಶ್ನೆಗೆ ಲಿಂಕಿನಲ್ಲಿ ಉತ್ತರವಿರುವುದಿಲ್ಲ. ನಿಜವಾಗಿ ಎಚ್ಚರ ಬೇಕಿರುವುದು ಆಕೆಗಲ್ಲ, ಆಕೆ ಹೇಗೂ ಎಚ್ಚರವಾಗಿಯೇ ಇದ್ದಾಳೆ. ಬೇಕಿರುವುದು ನೋಡಲು ಬರುವವರಿಗೆ.

ಕಾಯಿಲೆಯವರನ್ನು 'ಮಾತಾಡಿಸಿಕೊಂಡು ಬರುವ' ರೂಢಿ ಕರ್ನಾಟಕದಲ್ಲಿ ಇನ್ನೂ ಗಟ್ಟಿಯಾಗಿದೆ, ಅದು ದೊಡ್ಡದೇ. ಸೇಬು, ಮೂಸಂಬಿ, ಬ್ರೆಡ್ಡು, ಹಾರ್ಲಿಕ್ಸ್ ಬಾಟಲಿ ಹಿಡಿದು ಬಂದವರು ಕುರ್ಚಿ ಎಳೆದುಕೊಳ್ಳುತ್ತಾರೆ. ಆಮೇಲೆ ವಿಚಾರಣೆ. 'ಯಾವ ಡಾಕ್ಟ್ರು ನೋಡ್ತಿರೋದು? ಅಯ್ಯೋ, ಅಲ್ಲಿಗ್ಯಾಕೆ ಹೋದ್ರಿ?' 'ಮೊದಲೇ ತೋರಿಸಿದ್ರೆ ಇಷ್ಟಾಗ್ತಿರ್ಲಿಲ್ಲ ನೋಡಿ.' 'ನಮ್ಮ ಭಾವಮೈದನಿಗೂ ಇದೇ ಆಗಿತ್ತು, ಪಾಪ, ಮೂರೇ ತಿಂಗಳು.' ಮಲೆನಾಡಿನ ಕಡೆಯ ಒಂದು ನಾಟಿ ಔಷಧಿಯ ವಿಳಾಸ ಕೊಟ್ಟು, ಕಾಫಿ ಕುಡಿದು ಹೋಗುತ್ತಾರೆ. ಕಾಫಿ ಮಾಡಿ ಲೋಟ ತೊಳೆದವರು ಯಾರು? ರಾತ್ರಿಯೆಲ್ಲ ನಿದ್ದೆಗೆಟ್ಟವಳೇ.

ಇದರಲ್ಲಿ ಕೆಟ್ಟ ಮನಸ್ಸು ಯಾರದೂ ಇಲ್ಲ. ಸಾವಿನ ಎದುರು ಸುಮ್ಮನೆ ಕೂರುವುದು ಕಷ್ಟ, ಮಾತಿನಿಂದ ಆ ಜಾಗ ತುಂಬಿಸುವುದು ಸುಲಭ. ಆದರೂ ಅದೇ ಭೇಟಿಯನ್ನು ಬೇರೆ ಥರ ಮಾಡಬಹುದು. 'ಏನಾದ್ರೂ ಬೇಕಿದ್ರೆ ಹೇಳಿ' ಎಂದರೆ ಯಾರೂ ಏನೂ ಹೇಳುವುದಿಲ್ಲ, ಕೇಳುವ ಕೆಲಸವೂ ಅವರ ತಲೆಗೇ ಬಿತ್ತು. 'ಗುರುವಾರ ಮಧ್ಯಾಹ್ನ ಎರಡರಿಂದ ಐದು ನಾನು ಇಲ್ಲಿರ್ತೀನಿ, ನೀವು ಮಲಗಿ, ಇಲ್ಲ ಬ್ಯಾಂಕಿಗೆ ಹೋಗಿ ಬನ್ನಿ' ಎಂದರೆ ಅದು ಪಾಳಿ. ರಕ್ತಪರೀಕ್ಷೆಯ ರಿಪೋರ್ಟ್ ತಂದುಕೊಡುವುದು, ಸಾರು ಪಲ್ಯ ಮಾಡಿ ತಂದು ಬಾಗಿಲಲ್ಲೇ ಕೊಟ್ಟು ಹೋಗುವುದು, ಮಕ್ಕಳನ್ನು ಭಾನುವಾರ ತಮ್ಮ ಮನೆಗೆ ಕರೆದೊಯ್ಯುವುದು, ಗಂಡಸರಾದರೆ ರೋಗಿಗೆ ಕ್ಷೌರ ಮಾಡುವುದು. ಬೆಂಗಳೂರಿನಲ್ಲೋ ಹ್ಯೂಸ್ಟನ್ನಿನಲ್ಲೋ ಇರುವ ಮಗ ಪ್ರತಿದಿನ ವಿಡಿಯೊ ಕಾಲ್ ಮಾಡಿ 'ಅಪ್ಪ ಯಾಕೆ ಇಷ್ಟು ಇಳಿದುಹೋಗಿದ್ದಾರೆ? ಸರಿಯಾಗಿ ಊಟ ಕೊಡ್ತಿಲ್ವಾ?' ಎಂದು ಊರಲ್ಲಿರುವ ತಂಗಿಯನ್ನು ವಿಚಾರಿಸುವುದಕ್ಕಿಂತ, ರಾತ್ರಿ ಪಾಳಿಗೆ ಒಬ್ಬ ಹೋಂ ನರ್ಸ್‌ನ ಸಂಬಳ ಕಳಿಸುವುದು ಹೆಚ್ಚು ಪಿತೃಭಕ್ತಿ.

ಇನ್ನು ರೋಗಿಯ ಪಕ್ಕದ ಮೌನದ ವಿಷಯ. 'ಅವರಿಗೆ ಹೇಳ್ಬೇಡಿ ಡಾಕ್ಟ್ರೇ, ತಡ್ಕೊಳ್ಳಲ್ಲ' ಎಂಬ ಮಾತು ಕ್ಯಾನ್ಸರ್ ವೈದ್ಯರಿಗೆಲ್ಲ ಚಿರಪರಿಚಿತ. ಮನೆಯವರು ರೋಗಿಯಿಂದ ಬಚ್ಚಿಡುತ್ತಾರೆ. ರೋಗಿಗೆ ಎಲ್ಲ ಗೊತ್ತಿದ್ದೂ ಮನೆಯವರು ನೊಂದಾರೆಂದು ಗೊತ್ತಿಲ್ಲದವರಂತೆ ನಟಿಸುತ್ತಾರೆ. ಒಂದೇ ಕೋಣೆಯಲ್ಲಿ ಎರಡು ನಾಟಕ. ಪಕ್ಕದ ಹಾಸಿಗೆ ಖಾಲಿಯಾದದ್ದನ್ನು ನೋಡಿದವರು, ಕೂದಲು ಉದುರಿದವರು, ಊರಿಂದ ದಾಯಾದಿಗಳೂ ನೋಡಲು ಬಂದದ್ದನ್ನು ಕಂಡವರು ಏನೂ ಊಹಿಸಿಲ್ಲ ಎಂದುಕೊಳ್ಳುವುದು ಅವರ ಬುದ್ಧಿಗೆ ಮಾಡುವ ಅವಮಾನ. ಅವರಿಗೆ ಹೇಳುವುದಿರುತ್ತದೆ: ಹೊಲದ ಪಹಣಿ ಯಾರ ಹೆಸರಿಗೆ, ಕೈಸಾಲ ಯಾರಿಗೆ ಕೊಡಬೇಕು, ಮಾತು ಬಿಟ್ಟ ತಮ್ಮನನ್ನೊಮ್ಮೆ ಕರೆಸಬೇಕು, ಐಸಿಯು ಬೇಡ, ತೋಟದ ಮನೆಯಲ್ಲೇ ಕಣ್ಣು ಮುಚ್ಚಬೇಕು. 'ನಂಗೆ ವಾಸಿ ಆಗುತ್ತಾ?' ಎಂದು ಅವರು ಕೇಳಿದಾಗ 'ಏನೂ ಆಗಲ್ಲ, ಸುಮ್ನಿರಿ' ಎಂದುಬಿಟ್ಟರೆ ಇಷ್ಟೂ ಮಾತುಗಳ ಬಾಗಿಲು ಮುಚ್ಚಿತು. ಅನುಭವವುಳ್ಳ ಉಪಶಾಮಕ ಆರೈಕೆಯ (ಪ್ಯಾಲಿಯೇಟಿವ್ ಕೇರ್) ವೈದ್ಯರು ಅಂಥ ಹೊತ್ತಿನಲ್ಲಿ ಉತ್ತರಕ್ಕೆ ಅವಸರ ಮಾಡುವುದಿಲ್ಲ. ಕುರ್ಚಿ ಎಳೆದು ಕೂತು, 'ನಿಮಗೇನನ್ನಿಸ್ತಿದೆ?' ಎಂದು ತಿರುಗಿ ಕೇಳುತ್ತಾರೆ, ಕಾಯುತ್ತಾರೆ. ಎಷ್ಟು ತಿಳಿಯಬೇಕೆಂಬುದನ್ನು ರೋಗಿಯೇ ನಿರ್ಧರಿಸಲಿ ಎಂಬುದು ಇದರ ಹಿಂದಿನ ಲೆಕ್ಕ. ಎಲ್ಲವನ್ನೂ ಮುಖಕ್ಕೆ ಹೊಡೆದಂತೆ ಹೇಳಬೇಕೆಂದಲ್ಲ, ಕೇಳಿದ್ದನ್ನು ನುಂಗಿಹಾಕಬಾರದು ಅಷ್ಟೇ.

ಮಾತಿಗೂ ಮೊದಲು ನೋವು ಇಳಿಯಬೇಕು. ಕಿರುಚುವಷ್ಟು ನೋವಿರುವವರ ಹತ್ತಿರ ಯಾವ ಸಮಾಧಾನವೂ ನಡೆಯುವುದಿಲ್ಲ, ಅದನ್ನು ನೋಡುತ್ತ ಕೂತವರ ಮನಸ್ಸಿಗೂ ಆ ನೋವು ಜೀವನಪೂರ್ತಿ ಅಂಟಿಕೊಳ್ಳುತ್ತದೆ. ಈ ವಿಷಯದಲ್ಲಿ ಭಾರತದ ಚರಿತ್ರೆ ನಾಚಿಕೆ ಹುಟ್ಟಿಸುವಂಥದ್ದು. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ಪರವಾನಗಿ ಪಡೆದು ಅಫೀಮು ಬೆಳೆದು, ನೀಮಚ್ ಮತ್ತು ಗಾಜಿಪುರದ ಸರ್ಕಾರಿ ಕಾರ್ಖಾನೆಗಳಲ್ಲಿ ಸಂಸ್ಕರಿಸಿ ಹೊರದೇಶಗಳಿಗೆ ಕಳಿಸುತ್ತಿದ್ದ ದೇಶವೇ, 1985ರ ಮಾದಕವಸ್ತು ಕಾಯ್ದೆಯ ಬಿಗಿ ನಿಯಮಗಳಿಂದಾಗಿ ತನ್ನ ಕ್ಯಾನ್ಸರ್ ರೋಗಿಗಳಿಗೆ ಮಾರ್ಫಿನ್ ಸಿಗದಂತೆ ಮಾಡಿಕೊಂಡಿತು. 1997ರ ಹೊತ್ತಿಗೆ ಇಡೀ ದೇಶದ ವಾರ್ಷಿಕ ಬಳಕೆ 18 ಕಿಲೋಗೆ ಕುಸಿದಿತ್ತು. ಒಂದು ಆಸ್ಪತ್ರೆ ಹಲವು ಇಲಾಖೆಗಳಿಂದ ಹಲವು ಲೈಸೆನ್ಸ್ ತರಬೇಕಿತ್ತು. ಒಂದು ಕೈಗೆ ಬರುವಷ್ಟರಲ್ಲಿ ಇನ್ನೊಂದರ ಅವಧಿ ಮುಗಿದಿರುತ್ತಿತ್ತು. ಕೇರಳದ ಡಾ. ಎಂ.ಆರ್. ರಾಜಗೋಪಾಲ್ ಮತ್ತು ಅವರ ಜೊತೆಗಾರರ ವರ್ಷಗಟ್ಟಲೆ ಓಡಾಟದ ಫಲವಾಗಿ 2014ರಲ್ಲಿ ಕಾಯ್ದೆಗೆ ತಿದ್ದುಪಡಿಯಾಗಿ ಒಂದೇ ಪರವಾನಗಿ ಸಾಕಾಯಿತು. ಕಾನೂನು ಬದಲಾಯಿತು, ಅಂಜಿಕೆ ಪೂರ್ತಿ ಹೋಗಿಲ್ಲ. ಮಾರ್ಫಿನ್ ಎಂದರೆ ಚಟ, ಮಾರ್ಫಿನ್ ಕೊಟ್ಟರೆಂದರೆ ಕೈಬಿಟ್ಟಂತೆ ಎಂದುಕೊಳ್ಳುವ ವೈದ್ಯರು ಈಗಲೂ ಇದ್ದಾರೆ, ಅದನ್ನು ನಂಬುವ ಮನೆಯವರಂತೂ ಬೇಕಾದಷ್ಟು.

ಉಪಶಾಮಕ ಆರೈಕೆ ಎಂದರೆ ಸೋಲೊಪ್ಪಿಕೊಂಡ ಮೇಲಿನ ಚಿಕಿತ್ಸೆ ಎಂಬ ನಂಬಿಕೆಯೂ ಇದರದೇ ತಮ್ಮ. ಬಾಸ್ಟನ್ನಿನಲ್ಲಿ ಹರಡಿದ ಶ್ವಾಸಕೋಶ ಕ್ಯಾನ್ಸರ್ ಇದ್ದ 151 ರೋಗಿಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೊದಲಿನಿಂದಲೇ ಉಪಶಾಮಕ ಆರೈಕೆಯನ್ನೂ ಪಡೆದವರು ಬರೀ ಮಾಮೂಲು ಚಿಕಿತ್ಸೆ ಪಡೆದವರಿಗಿಂತ ನೆಮ್ಮದಿಯಾಗಿದ್ದರು, ಕೊನೆಗಾಲದಲ್ಲಿ ಅವರಿಗೆ ಆಕ್ರಮಣಕಾರಿ ಚಿಕಿತ್ಸೆ ಕಡಿಮೆ ನಡೆಯಿತು. ಆದರೂ ಅವರೇ ಹೆಚ್ಚು ದಿನ ಬದುಕಿದರು: 8.9 ತಿಂಗಳ ಬದಲು 11.6 ತಿಂಗಳು.

ಬೆಂಗಳೂರಿನಲ್ಲಿ ಇದರ ಒಂದು ಹಳೆಯ ಮಾದರಿಯೇ ಇದೆ. 1994ರಲ್ಲಿ ಸ್ಥಾಪನೆಯಾದ ಬೆಂಗಳೂರು ಹಾಸ್ಪಿಸ್ ಟ್ರಸ್ಟ್ ಮಾರತಹಳ್ಳಿಯ ಹತ್ತಿರ 1999ರಿಂದ ನಡೆಸುತ್ತಿರುವ 'ಕರುಣಾಶ್ರಯ'ದಲ್ಲಿ, ವಾಸಿಯಾಗುವ ಹಂತ ದಾಟಿದ ಕ್ಯಾನ್ಸರ್ ರೋಗಿಗಳಿಗೆ ಹಣ ಪಡೆಯದೆ ಆರೈಕೆ ಸಿಗುತ್ತದೆ. ಅಲ್ಲಿಗೆ ಬರುವವರಲ್ಲಿ ಕೆಲವರು ಅಲ್ಲೇ ಕಣ್ಣು ಮುಚ್ಚುತ್ತಾರೆ. ನೋವು, ಗಾಯ ಹತೋಟಿಗೆ ಬಂದ ಮೇಲೆ ಮನೆಗೆ ಮರಳುವವರೂ ಇದ್ದಾರೆ. ಆ ಕೆಲವು ದಿನ ಮನೆಯವರಿಗೆ ನಿದ್ದೆ ಸಿಗುತ್ತದೆ. ಆದರೆ ಬೀದರಿನವರಿಗೆ, ಕೊಳ್ಳೇಗಾಲದವರಿಗೆ ಮಾರತಹಳ್ಳಿ ದೂರ. 'ಇನ್ನೇನೂ ಮಾಡಕ್ಕಾಗಲ್ಲ, ಮನೆಗೆ ಕರ್ಕೊಂಡು ಹೋಗಿ' ಎಂದು ಆಸ್ಪತ್ರೆಯಿಂದ ಕಳಿಸಿದ ಮೇಲೆ ಅಲ್ಲಿನ ಕುಟುಂಬಗಳ ಕೈಯಲ್ಲಿ ಉಳಿಯುವುದು ಒಂದು ಡಿಸ್ಚಾರ್ಜ್ ಸಮ್ಮರಿ. ನಡುರಾತ್ರಿ ಉಸಿರು ಗೊರಗುಟ್ಟಿದರೆ ಏನು ಮಾಡಬೇಕು, ಯಾರಿಗೆ ಫೋನ್ ಮಾಡಬೇಕು ಎಂಬುದು ಅದರಲ್ಲಿ ಬರೆದಿರುವುದಿಲ್ಲ.

ಕೊನೆಯ ಹಂತದ ನಿರ್ಧಾರಗಳ ಭಾರವೂ ಆರೈಕೆ ಮಾಡುವವರ ಮೇಲೆಯೇ ಬೀಳುತ್ತದೆ. ವೆಂಟಿಲೇಟರ್ ಹಾಕಬೇಕೇ, ತೆಗೆಯಬೇಕೇ? ಬೇಡವೆಂದ ಮಗಳನ್ನು ನೆಂಟರಿಷ್ಟರು ಹತ್ತು ವರ್ಷವಾದರೂ ಕ್ಷಮಿಸುವುದಿಲ್ಲ. ಹಾಕಿ ಎಂದ ಮಗ ಆಮೇಲೆ ಸೈಟು ಮಾರಿ ಬಿಲ್ ಕಟ್ಟುತ್ತಾನೆ. ಸುಪ್ರೀಂ ಕೋರ್ಟ್ 2018ರ ಮಾರ್ಚ್ 9ರಂದು, ಕೊನೆಯ ಹಂತದಲ್ಲಿ ಯಾವ ಚಿಕಿತ್ಸೆ ಬೇಡವೆಂದು ಮೊದಲೇ ಬರೆದಿಡುವ ಲಿವಿಂಗ್ ವಿಲ್‌ಗೆ ಮಾನ್ಯತೆ ಕೊಟ್ಟರೂ ಅದಕ್ಕೆ ಮ್ಯಾಜಿಸ್ಟ್ರೇಟರ ಸಹಿ ಬೇಕೆಂದದ್ದರಿಂದ ಅದು ಹೆಚ್ಚುಕಡಿಮೆ ಕಾಗದದಲ್ಲೇ ಉಳಿಯಿತು. 2023ರ ಜನವರಿಯಲ್ಲಿ ಕೋರ್ಟೇ ಅದನ್ನು ಸರಳಗೊಳಿಸಿತು: ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಇದ್ದರೆ ಸಾಕು. ಚಿಕಿತ್ಸೆ ನಿಲ್ಲಿಸುವ ಮೊದಲು ತಲಾ ಮೂವರು ವೈದ್ಯರ ಎರಡು ಮಂಡಳಿಗಳು ಒಪ್ಪಬೇಕು. ಇದನ್ನು ಜಾರಿಗೆ ತರಲು 2025ರ ಜನವರಿ ಕೊನೆಯಲ್ಲಿ ಕರ್ನಾಟಕದ ಆರೋಗ್ಯ ಇಲಾಖೆ ಸುತ್ತೋಲೆ ಹೊರಡಿಸಿತು. ಘನತೆಯಿಂದ ಸಾಯುವ ಹಕ್ಕಿಗಾಗಿ ವರ್ಷಾನುಗಟ್ಟಲೆ ಹೋರಾಡಿದ ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮ ಅವರ ಹೆಸರು ಆಗ ಪತ್ರಿಕೆಗಳಲ್ಲಿ ಬಂತು. ಈ ಕಾಗದವನ್ನು ರೋಗಿಯ ಹಕ್ಕು ಎಂದಷ್ಟೇ ನೋಡಿದರೆ ಅರ್ಧ ನೋಡಿದಂತೆ. 'ಅಪ್ಪನೇ ಬರೆದಿಟ್ಟಿದ್ದಾರೆ' ಎಂದು ತೋರಿಸಲು ಮಗಳ ಕೈಯಲ್ಲೊಂದು ಹಾಳೆಯಿದ್ದರೆ, ಅವಳು ಕೊಲೆಗಾರ್ತಿಯಂತೆ ತಲೆ ತಗ್ಗಿಸಿ ಬದುಕಬೇಕಾಗಿಲ್ಲ.

ಕನ್ನಡ ಸಾಹಿತ್ಯಲೋಕದಲ್ಲೇ ಕಾಯಿಲೆ, ಆರೈಕೆ ಕಂಡ ಇಂಥ ಒಂದು ಮನೆಯಿತ್ತು. ಕಾದಂಬರಿಕಾರ ನಿರಂಜನ 1971ರಲ್ಲಿ ಪಾರ್ಶ್ವವಾಯುವಿಗೆ ತುತ್ತಾದರು. ಅದಾದ ಮೇಲೆಯೇ 'ಮೃತ್ಯುಂಜಯ' ಬಂತು, 25 ಸಂಪುಟಗಳ 'ವಿಶ್ವಕಥಾಕೋಶ' ಅವರ ಸಂಪಾದಕತ್ವದಲ್ಲಿ ಹೊರಬಂತು. ಛಲದ ಮಾತು ಬಂದಾಗಲೆಲ್ಲ ಈ ಉದಾಹರಣೆ ಕೊಡುತ್ತಾರೆ, ಕೊಡಬೇಕಾದದ್ದೇ. ಅದೇ ಮನೆಯಲ್ಲಿ ವೈದ್ಯೆ, ಲೇಖಕಿ, ಇಬ್ಬರು ಹೆಣ್ಣುಮಕ್ಕಳ ತಾಯಿ ಅನುಪಮಾ ನಿರಂಜನ ಇದ್ದರು. ಮುಂದೆ ಅವರಿಗೇ ಕ್ಯಾನ್ಸರ್ ತಗುಲಿತು. ಪತಿಗಿಂತ ಹತ್ತು ವರ್ಷ ಕಿರಿಯರಾದ ಅವರು 1991ರಲ್ಲಿ ತೀರಿಕೊಂಡರು, ನಿರಂಜನ ಮರುವರ್ಷ. ಕಾಯಿಲೆಯನ್ನು ಗೆದ್ದು ಬರೆದ ಲೇಖಕನ ಬಗ್ಗೆ ಕನ್ನಡದಲ್ಲಿ ಎಷ್ಟು ಬರೆದಿದ್ದಾರೋ, ಅಂಥ ಮನೆಗಳ ದಿನಚರಿಯ ಬಗ್ಗೆ ಅದರ ಒಂದಂಶವೂ ಬರೆದಿಲ್ಲ.

ಸಾವಿನ ನಂತರ? ಹನ್ನೊಂದು, ಹದಿಮೂರು, ಶಿವಗಣಾರಾಧನೆ, ನಲವತ್ತನೆಯ ದಿನ. ಆಯಾ ಸಮುದಾಯದ ಲೆಕ್ಕದಂತೆ ಜನ ಸೇರುತ್ತಾರೆ, ಊಟ ಹಾಕುತ್ತಾರೆ. ಇದನ್ನು ಬರೀ ಕಂದಾಚಾರವೆಂದು ತಳ್ಳಿಹಾಕುವವರು ಕೋವಿಡ್ ಕಾಲದ 2020 ಮತ್ತು 2021ನ್ನು ನೆನೆದುಕೊಳ್ಳಬೇಕು. ಮುಖ ನೋಡಲಾಗದೆ, ಹೆಗಲು ಕೊಡಲಾಗದೆ ಕಳಿಸಿದ ಕುಟುಂಬಗಳು ಎಷ್ಟೋ. ಬೆಂಗಳೂರಿನ ಚಿತಾಗಾರಗಳಲ್ಲಿ ಯಾರೂ ಒಯ್ಯದೆ ಉಳಿದ ಐನೂರಕ್ಕೂ ಹೆಚ್ಚು ಮಂದಿಯ ಅಸ್ಥಿಯನ್ನು 2021ರ ಜೂನ್‌ನಲ್ಲಿ ಮಳವಳ್ಳಿ ತಾಲ್ಲೂಕಿನ ಬೆಳಕವಾಡಿಯ ಬಳಿ ಕಾವೇರಿಯಲ್ಲಿ ಸರ್ಕಾರವೇ ವಿಸರ್ಜಿಸಬೇಕಾಯಿತು. ಆ ಮನೆಗಳಲ್ಲಿ ದುಃಖ ಶುರುವಾಗಲೂ ಒಂದು ಜಾಗ ಸಿಗಲಿಲ್ಲ.

ಆದರೆ ಹದಿಮೂರನೆಯ ದಿನದ ಪಾತ್ರೆ ಶಾಮಿಯಾನದವರ ಜೊತೆಗೇ ಜನರೂ ಹೋಗಿಬಿಡುತ್ತಾರೆ. ವರ್ಷಗಟ್ಟಲೆ ಆರೈಕೆ ಮಾಡಿದವರಿಗೆ ಖಾಲಿತನ ತಾಗುವುದು ಆಮೇಲೆ. ನಾಲ್ಕು ಗಂಟೆಯ ಮಾತ್ರೆಗೆ ಅಲಾರಂ ಹೊಡೆಯುತ್ತದೆ, ಕೊಡಲು ಯಾರಿಲ್ಲ. 'ಸದ್ಯ ಮುಗೀತಲ್ಲ' ಎಂಬ ಹಗುರ, ಹಾಗನ್ನಿಸಿತಲ್ಲ ಎಂಬ ನಾಚಿಕೆ, ಎರಡೂ ಒಟ್ಟಿಗೆ. ಅಷ್ಟರಲ್ಲಿ ಯಾರೋ 'ಅವರಿಗೂ ಬಿಡುಗಡೆ, ನಿಮಗೂ ಬಿಡುಗಡೆ' ಎಂದಿರುತ್ತಾರೆ. ಇನ್ನು ಓದಿಕೊಂಡವರು ದುಃಖಕ್ಕೆ ಐದು ಮೆಟ್ಟಿಲೆಂದು ಲೆಕ್ಕ ಒಪ್ಪಿಸುತ್ತಾರೆ. ಎಲಿಸಬೆತ್ ಕುಬ್ಲರ್ ರಾಸ್ 1969ರ ಪುಸ್ತಕದಲ್ಲಿ ಆ ಐದು ಹಂತಗಳನ್ನು ಹೇಳಿದ್ದು ಸಾಯುತ್ತಿರುವ ರೋಗಿಗಳೊಡನೆ ನಡೆಸಿದ ಮಾತುಕತೆಯ ಆಧಾರದಲ್ಲಿ. ಉಳಿದವರ ಮೇಲೆ ಅದನ್ನು ಹೇರಿದ್ದು ಆಮೇಲಿನ ಕಥೆ. ದುಃಖ ಹಾಗೆ ಸಾಲಾಗಿ ಬರುವುದೂ ಇಲ್ಲ, ಹೋಗುವುದೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ರೋಗಪಟ್ಟಿ ಕೂಡ ಆರು ತಿಂಗಳು ದಾಟಿದರೂ ಬದುಕು ನಡೆಸಲಾಗದಷ್ಟು ತೀವ್ರವಾಗಿ ಉಳಿಯುವ ದುಃಖವನ್ನು ಮಾತ್ರ ಚಿಕಿತ್ಸೆ ಬೇಕಾದದ್ದೆಂದು ಗುರುತಿಸುತ್ತದೆ, ಅದೂ ಆಯಾ ಸಮಾಜದ ರೂಢಿಯನ್ನು ಗಮನದಲ್ಲಿಟ್ಟು. ಅಂಥವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯಲ್ಲಿ ಕನ್ನಡದಲ್ಲೇ ಮಾತಾಡುವವರು ಸಿಗುತ್ತಾರೆ. ಉಳಿದ ಬಹುಪಾಲು ಜನರಿಗೆ ಬೇಕಾದದ್ದು ನಾಲ್ಕನೆಯ ತಿಂಗಳಲ್ಲಿ ಬರುವ ಒಂದು ಫೋನ್, ಹೋದವರ ಹೆಸರೆತ್ತಲು ಹಿಂಜರಿಯದ ಒಬ್ಬ ಪರಿಚಿತ.

ಸರ್ಕಾರ ಮಾಡಬೇಕಾದ್ದೂ ಇದೆ. ಕಾಯಿಲೆಬಿದ್ದ ತಂದೆತಾಯಿಯನ್ನು ನೋಡಿಕೊಳ್ಳಲು ಕೇಂದ್ರ ನೌಕರರಿಗೆ ಏನು ಸೌಲಭ್ಯವಿದೆಯೆಂದು 2025ರ ಜುಲೈನಲ್ಲಿ ರಾಜ್ಯಸಭೆಯಲ್ಲಿ ಕೇಳಿದಾಗ ಬಂದ ಉತ್ತರ: ಇರುವ ಗಳಿಕೆ ರಜೆ, ಅರ್ಧವೇತನ ರಜೆ, ಸಾಂದರ್ಭಿಕ ರಜೆಗಳನ್ನೇ ಬಳಸಿಕೊಳ್ಳಬಹುದು. ಎಂದರೆ ಅವರ ಗಂಟಿನಿಂದಲೇ ತೆಗೆದು ಅವರಿಗೇ ದಾನ. ಗಾರ್ಮೆಂಟ್ಸ್‌ನಲ್ಲಿ, ಅಂಗಡಿಯಲ್ಲಿ ದುಡಿಯುವವರಿಗೆ ಆ ಗಂಟೂ ಇಲ್ಲ. ಮೂರು ದಿನ ಹೋಗದಿದ್ದರೆ ಕೆಲಸವೇ ಹೋದೀತು. ತೀವ್ರ ಅಂಗವೈಕಲ್ಯವುಳ್ಳವರಿಗೆ ಆರೈಕೆದಾರರ ಭತ್ಯೆ ಕೊಡಬೇಕೆಂಬ ಮಾತು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲೇ ಇದೆ. ಕೇರಳ 2010ರಲ್ಲೇ 'ಆಶ್ವಾಸಕಿರಣಂ' ಹೆಸರಿನಲ್ಲಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರಿಗಾಗಿ ಯೋಜನೆ ತಂದಿತು, ತಿಂಗಳ ಭತ್ಯೆ ಮುಂದೆ 600 ರೂಪಾಯಿಗೆ ಏರಿತು. ಡಯಾಪರ್ ಖರ್ಚಿಗೂ ಸಾಲದ ಮೊತ್ತ ನಿಜ, ಆದರೆ ಅದನ್ನೊಂದು ಕೆಲಸವೆಂದು ಸರ್ಕಾರದ ಕಡತ ಒಪ್ಪಿಕೊಂಡಿತಲ್ಲ.

ಕೇರಳದಿಂದ ಕಲಿಯಬೇಕಾದ್ದು ಭತ್ಯೆಗಿಂತ ಹೆಚ್ಚಾಗಿ ಇನ್ನೊಂದನ್ನು. ಕೋಯಿಕ್ಕೋಡಿನಲ್ಲಿ 1993ರಲ್ಲಿ ಕೆಲವು ವೈದ್ಯರು ಶುರುಮಾಡಿದ ನೋವು ಉಪಶಮನದ ಕ್ಲಿನಿಕ್, ಕೆಲವೇ ವರ್ಷಗಳಲ್ಲಿ ಮಲಪ್ಪುರಂ ಜಿಲ್ಲೆಯ ಊರೂರಿಗೆ ಹಬ್ಬಿದ್ದು ವೈದ್ಯರಿಂದಲ್ಲ, ಸ್ವಯಂಸೇವಕರಿಂದ. ವಾರಕ್ಕೆ ಎರಡು ಗಂಟೆ ಕೊಡಬಲ್ಲ ವಿದ್ಯಾರ್ಥಿ, ಅಂಗಡಿಯವ, ರಿಕ್ಷಾ ಚಾಲಕ, ಗೃಹಿಣಿ ಮೊದಲಾದವರಿಗೆ ತರಬೇತಿ ಕೊಟ್ಟು, ಹಿಂದೆ ಒಬ್ಬ ನರ್ಸ್, ಅವರ ಹಿಂದೆ ಒಬ್ಬ ವೈದ್ಯರು ನಿಂತರು. 2008ರಲ್ಲಿ ರಾಜ್ಯ ಸರ್ಕಾರ ಇದನ್ನು ನೀತಿಯಾಗಿ ಸ್ವೀಕರಿಸಿ ಪಂಚಾಯಿತಿಗಳ ಹೊಣೆಗೆ ಸೇರಿಸಿತು.

ಕರ್ನಾಟಕದಲ್ಲಿ ಜನ ಸಂಘಟನೆಗೆ ಬರವೇನೂ ಇಲ್ಲ. ಊರೂರಿಗೆ ಹಾಲಿನ ಡೇರಿಯಿದೆ, ಸ್ತ್ರೀಶಕ್ತಿ ಸಂಘಗಳಿವೆ, ಆಶಾ ಕಾರ್ಯಕರ್ತೆಯರಿದ್ದಾರೆ. ಯಾವ ಮನೆಯಲ್ಲಿ ಯಾರು ಮಲಗಿದ್ದಾರೆಂದು ಡೇರಿಗೆ ಹಾಲು ಹಾಕಲು ಬರುವವರಿಗೆಲ್ಲ ಗೊತ್ತು. ಗಣಪತಿ ಕೂರಿಸಲು ರಶೀದಿ ಪುಸ್ತಕ ಹಿಡಿದು ಮನೆಮನೆ ತಿರುಗುವ, ಮೂರು ರಾತ್ರಿ ನಿದ್ದೆಗೆಟ್ಟು ಪೆಂಡಾಲ್ ಕಾಯುವ ಹುಡುಗರಿದ್ದಾರೆ. ತಾಲ್ಲೂಕು ಆಸ್ಪತ್ರೆಯ ಒಬ್ಬ ಸ್ಟಾಫ್ ನರ್ಸ್ ಎರಡು ದಿನ ಪಂಚಾಯಿತಿ ಕಚೇರಿಯಲ್ಲಿ ಕೂತು ಮಗ್ಗುಲು ಬದಲಿಸುವುದು, ಬಾಯಿ ಸ್ವಚ್ಛ ಮಾಡುವುದು, ಟ್ಯೂಬಿನಲ್ಲಿ ಆಹಾರ ಕೊಡುವುದು, ಯಾವ ಲಕ್ಷಣ ಕಂಡರೆ ಫೋನ್ ಮಾಡಬೇಕೆಂಬುದು ಇಷ್ಟನ್ನು ಇವರಿಗೆ ಹೇಳಿಕೊಟ್ಟರೆ ಆರಂಭಕ್ಕೆ ಸಾಕು. ಹೆಂಗಸು ರೋಗಿಗಳ ಮನೆಗೆ ಸಂಘದ ಹೆಂಗಸರು, ಗಂಡಸರ ಮನೆಗೆ ಈ ಹುಡುಗರು. ಗೋಡೆಗೆ ಅಂಟಿಸುವ ಪಟ್ಟಿಯಲ್ಲಿ ರೋಗದ ಹೆಸರಾಗಲಿ ರೋಗಿಯ ಹೆಸರಾಗಲಿ ಬೇಡ, ನಾಲ್ಕು ಕಾಲಂ ಇರಲಿ: ಯಾವ ಬೀದಿ, ಯಾವ ವಾರ, ಎಷ್ಟು ಗಂಟೆಯಿಂದ ಎಷ್ಟು ಗಂಟೆ, ಬರುವವರು ಯಾರು. ಒಪ್ಪಿಕೊಂಡವರು ಬಾರದೆ ಹೋದರೆ ಅವರ ಬದಲಿಗೆ ಹೋಗುವ ಇನ್ನೊಬ್ಬರ ಫೋನ್ ನಂಬರನ್ನೂ ಅದರ ಕೆಳಗೇ ಬರೆದಿಡಬೇಕು.